ಮಾವನ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್?

ನಮ್ಮ ಸೋದರಮಾವ ಬ್ಯಾಂಕಿನಿಂದ ನಿವೃತ್ತರಾಗಿ ಹನ್ನೊಂದು ವರ್ಷವಾಯ್ತು. ಅವರ ಲ್ಯಾಪ್‌ಟಾಪಿಗೆ ನಿವೃತ್ತಿಯ ನೋಟಿಸು ಬಂದಿದ್ದು 2025ರಲ್ಲಿ. ವಿಂಡೋಸ್ 10ರ ಕಾಲ ಮುಗಿಯುತ್ತಿದೆ, ನಿಮ್ಮ ಪಿಸಿ ವಿಂಡೋಸ್ 11ಕ್ಕೆ ಆಗುವುದಿಲ್ಲ ಅಂತ ಪರದೆ ತುಂಬ ಒಂದು ಸಂದೇಶ. ಮಾವ ಅದರ ಫೋಟೋ ಹೊಡೆದು ನನಗೆ ಕಳಿಸಿದರು. ಕೆಳಗೆ ಒಂದೇ ಸಾಲು: "ಇದು ನಿಜವೇನೋ, ಇಲ್ಲಾ ಸೈಬರ್ ಕಳ್ಳರದ್ದಾ?"

ನಿಜವೇ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಲ್ಲಿಸಿತು. ಮನೆಬಳಕೆಯವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ, ಭದ್ರತಾ ಅಪ್‌ಡೇಟ್ ಪಡೆಯುವ ಒಂದು ಯೋಜನೆ ಇದೆ. ಅದು ಬಾಡಿಗೆ ಮನೆ ಖಾಲಿ ಮಾಡೋಕೆ ಕೊಟ್ಟ ಗಡುವಿನ ಥರ, ಅಷ್ಟೇ. ಇನ್ನು ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಇರಬೇಕು. ಮಾವನದ್ದು ಏಳನೇ ತಲೆಮಾರಿನ ಐ3. ಒಂದೇ ಒಂದು ತಲೆಮಾರಲ್ಲಿ ತಪ್ಪಿಹೋಯ್ತು.

ಎಸ್‌ಪಿ ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಂಗಡಿಯ ಹುಡುಗ ಲ್ಯಾಪ್‌ಟಾಪನ್ನು ತಿರುಗಿಸಿ, ಕೆಳಗಿನ ಸ್ಟಿಕ್ಕರ್ ಓದಿ, "ಹಳೇ ಪೀಸು ಸರ್, ಎಕ್ಸ್‌ಚೇಂಜಲ್ಲಿ ಕೊಟ್ಬಿಡಿ" ಎಂದ. ಮಾವನಿಗೆ ಸಿಟ್ಟು ಬಂತು. "ಕೆಟ್ಟುಹೋಗಿದ್ರೆ ಕೊಡಬಹುದಿತ್ತು ಕಣೋ. ಇದು ಚೆನ್ನಾಗೇ ಓಡ್ತಿದೆಯಲ್ಲೋ!"

ವಿಂಡೋಸ್ ಬದಲಿಗೆ ಲಿನಕ್ಸ್ ಹಾಕೋಣ ಅಂತ ನಾನು ಹೇಳಿದ್ದು ಆಗಲೇ. ಹೇಳಿದ ಮೇಲೆ ಶುರುವಾಯ್ತು ಅಸಲಿ ತಲೆನೋವು. ಯಾವ ಲಿನಕ್ಸ್? ನಾಲ್ಕು ಜನ ಸ್ನೇಹಿತರನ್ನು ಕೇಳಿದರೆ ಐದು ಹೆಸರು ಬಂದವು. ಬೆಂಗಳೂರಿನಲ್ಲಿ ಇದೊಂದು ಕಷ್ಟ. ಪ್ರತಿ ಮನೆಯಲ್ಲೂ ಒಬ್ಬ ಐಟಿಯವನು ಇರುತ್ತಾನೆ, ಪ್ರತಿಯೊಬ್ಬನಿಗೂ ಒಂದು ಅಭಿಪ್ರಾಯ ಇರುತ್ತದೆ.

ಅದಕ್ಕೇ ನಾನು ಪ್ರಶ್ನೆಯನ್ನೇ ಬದಲಾಯಿಸಿದೆ. ಟೇಬಲ್ ಮೇಲೆ ಯಾರದ್ದೋ ಮದುವೆಯ ಲಗ್ನಪತ್ರಿಕೆಯ ಕವರ್ ಬಿದ್ದಿತ್ತು. ಅದರ ಹಿಂದೆ ಬರೆಯಿರಿ ಮಾವ, ಈ ಲ್ಯಾಪ್‌ಟಾಪಲ್ಲಿ ದಿನಾ ಏನೇನು ಮಾಡ್ತೀರಿ ಅಂದೆ. ಬರೆದುಕೊಟ್ಟರು. ಸಂಘದ ಸ್ಮರಣ ಸಂಚಿಕೆಗೆ ಕನ್ನಡ ಟೈಪಿಂಗು. ಪ್ರಿಂಟು. ಬ್ಯಾಂಕು, ಪಿಂಚಣಿ. ಯೂಟ್ಯೂಬಿನಲ್ಲಿ ಕಚೇರಿ, ಹರಿಕಥೆ. ಭಾನುವಾರ ಪುಣೆಯ ಮಗಳ ಜೊತೆ ವಿಡಿಯೋ ಕಾಲ್. ಈ ಪಟ್ಟಿ ಕೈಗೆ ಬಂದ ಮೇಲೆ ಅರ್ಧ ಗೊಂದಲ ಕಳೆಯಿತು. ನೀವೂ ಮೊದಲು ಬರೆಯಬೇಕಾದ್ದು ಇಂಥ ಪಟ್ಟಿಯನ್ನೇ. ಡಿಸ್ಟ್ರೋಗಳ ಹೆಸರು ಆಮೇಲೆ.

ಈಗ ಆ ಡಿಸ್ಟ್ರೋ ಅಂದರೆ ಏನು ಅಂತ ಸ್ವಲ್ಪ ನೋಡೋಣ. ಇಲ್ಲದಿದ್ದರೆ ಉಬುಂಟು, ಮಿಂಟ್, ಗ್ನೋಮ್, ಕೆಡಿಇ ಎಲ್ಲ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ ಆಗುತ್ತದೆ.

ಕೆಂಗೇರಿಯಲ್ಲಿ ಕೆಎಸ್‌ಆರ್‌ಟಿಸಿಯ ದೊಡ್ಡ ವರ್ಕ್‌ಶಾಪ್ ಇದೆ. ಬಸ್ಸು ಕಟ್ಟುವುದು ಹೇಗೆ ಅಂತ ಗೊತ್ತಲ್ವಾ? ಕಂಪನಿಯಿಂದ ಬರುವುದು ಬರೀ ಚಾಸಿ. ಎಂಜಿನ್, ಚಕ್ರ, ಸ್ಟೀರಿಂಗು ಇರುತ್ತದೆ, ಕೂರೋಕೆ ಜಾಗ ಇರುವುದಿಲ್ಲ. ಅದರ ಮೇಲೆ ಬಾಡಿ ಕಟ್ಟಬೇಕು. ಒಂದೇ ಥರದ ಚಾಸಿಯ ಮೇಲೆ ಮಾಮೂಲಿ ಕೆಂಪು ಬಸ್ಸನ್ನೂ ಕಟ್ಟಬಹುದು, ಮೆತ್ತನೆ ಸೀಟಿನ ರಾಜಹಂಸವನ್ನೂ ಕಟ್ಟಬಹುದು.

ಲಿನಕ್ಸ್ ಅಂದರೆ ಆ ಚಾಸಿ. ತಾಂತ್ರಿಕವಾಗಿ ಅದಕ್ಕೆ ಕರ್ನೆಲ್ ಅನ್ನುತ್ತಾರೆ. 1991ರ ಆಗಸ್ಟಿನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಂ ಬರೀತಿದ್ದೀನಿ ಅಂತ ಪ್ರಕಟಿಸಿದ. ಆಗ ಅವನಿಗೆ 21 ವರ್ಷ. ಪ್ರೊಸೆಸರ್, ಮೆಮೊರಿ, ಡಿಸ್ಕ್, ವೈಫೈ ಇವುಗಳ ಜೊತೆ ಮಾತಾಡುವುದು ಈ ಕರ್ನೆಲ್ಲಿನ ಕೆಲಸ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗೂ ಇದೇ ಕರ್ನೆಲ್ ಇದೆ. ಹಾಗಾಗಿ 'ನಾನು ಲಿನಕ್ಸ್ ಮುಟ್ಟೇ ಇಲ್ಲ' ಅನ್ನುವವರು ಬೆಳಿಗ್ಗೆ ಅಲಾರಂ ಆರಿಸುವುದೂ ಲಿನಕ್ಸಿನಲ್ಲೇ.

ಚಾಸಿಯ ಮೇಲೆ ಬಾಡಿ ಕಟ್ಟಿ, ಓಡಿಸೋಕೆ ತಯಾರಾದ ಬಸ್ಸು ಮಾಡಿ ಕೊಡುವವರೇ ಡಿಸ್ಟ್ರಿಬ್ಯೂಷನ್, ಚಿಕ್ಕದಾಗಿ ಡಿಸ್ಟ್ರೋ. ಉಬುಂಟು, ಮಿಂಟ್, ಫೆಡೋರಾ, ಝೋರಿನ್ ಎಲ್ಲ ಈ ಬಾಡಿ ಕಟ್ಟುವವರು. ಇನ್ನು ಸೀಟು ಎಲ್ಲಿ, ಬಾಗಿಲು ಮುಂದೆಯೋ ಹಿಂದೆಯೋ, ಗಂಟೆಯ ಹಗ್ಗ ಎಲ್ಲಿದೆ? ಅಂದರೆ ಮೆನು ಎಲ್ಲಿ, ಗಡಿಯಾರ ಎಲ್ಲಿ, ಕಿಟಕಿ ಮುಚ್ಚುವ ಗುಂಡಿ ಎಲ್ಲಿ? ಇದನ್ನು ತೀರ್ಮಾನ ಮಾಡುವುದು ಡೆಸ್ಕ್‌ಟಾಪ್ ಎಂಬ ಪದರ. ಗ್ನೋಮ್, ಕೆಡಿಇ ಪ್ಲಾಸ್ಮಾ, ಸಿನಮನ್, ಎಕ್ಸ್‌ಎಫ್‌ಸಿಇ ಇವೆಲ್ಲ ಡೆಸ್ಕ್‌ಟಾಪುಗಳ ಹೆಸರು.

ಪ್ರಯಾಣಿಕನಿಗೆ ಚಾಸಿ ಯಾವುದು ಅಂತ ಗೊತ್ತಾಗುವುದಿಲ್ಲ. ಸೀಟು ಗೊತ್ತಾಗುತ್ತದೆ. ಆದ್ದರಿಂದ ಹೊಸಬರು ಮೊದಲು ಆರಿಸಬೇಕಾದ್ದು ಡೆಸ್ಕ್‌ಟಾಪನ್ನು, ಡಿಸ್ಟ್ರೋವನ್ನಲ್ಲ. ಸ್ನೇಹಿತರು ಜಗಳ ಆಡುವುದು ಮಾತ್ರ ಯಾವಾಗಲೂ ಡಿಸ್ಟ್ರೋ ಬಗ್ಗೆಯೇ.

ಸಿನಮನ್ ತೆರೆದು ಮಾವನ ಮುಂದಿಟ್ಟೆ, ಏನೂ ಹೇಳಲಿಲ್ಲ. ಅವರ ಕೈ ತಾನಾಗಿಯೇ ಎಡಗಡೆ ಕೆಳಮೂಲೆಗೆ ಹೋಯಿತು. ಅಲ್ಲಿ ಮೆನು ಇತ್ತು. ಕೆಳಗೆ ಉದ್ದಕ್ಕೂ ಪಟ್ಟಿ, ಬಲಗಡೆ ಗಡಿಯಾರ, ವೈಫೈ, ಸೌಂಡು. ಇಪ್ಪತ್ತು ವರ್ಷದಿಂದ ಕೈಗೆ ಅಂಟಿದ ಅಭ್ಯಾಸಕ್ಕೆ ಏನೂ ಅಡ್ಡ ಬರಲಿಲ್ಲ. ಇದೇ ಸಿನಮನ್ನಿನ ದೊಡ್ಡ ಗುಣ. ನೋಡೋಕೆ ಅಂಥಾ ಹೊಸತೇನಲ್ಲ, ಆದರೆ ಹೊಸದಾಗಿ ಕಲಿಯಬೇಕಾದ್ದೂ ಕಡಿಮೆ.

ಆಮೇಲೆ ಗ್ನೋಮ್ ತೋರಿಸಿದೆ. ನನಗೆ ಅದು ಇಷ್ಟ. ಅಚ್ಚುಕಟ್ಟು, ಅನಗತ್ಯದ್ದು ಏನೂ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಊರಿಗೂ ಅದಕ್ಕೂ ಒಂದು ನಂಟಿದೆ. 2011ರಲ್ಲಿ ಗ್ನೋಮ್ ಬಳಗದ ಏಷ್ಯಾ ಸಮ್ಮೇಳನ ಬೆಂಗಳೂರಿನಲ್ಲಿ ಆಗಿತ್ತು, 2024ರ ಡಿಸೆಂಬರಿನಲ್ಲಿ ಮತ್ತೆ ಇಲ್ಲೇ ಆಯಿತು. ಅದರ ಗೌರವಕ್ಕೆ 2025ರ ಮಾರ್ಚಿನಲ್ಲಿ ಬಂದ ಗ್ನೋಮ್ 48ಕ್ಕೆ 'ಬೆಂಗಳೂರು' ಅಂತಲೇ ಹೆಸರಿಟ್ಟರು. ಇದನ್ನು ಹೇಳಿದಾಗ ಮಾವನಿಗೆ ಖುಷಿಯಾಯ್ತು. ಆದರೆ ಫೆಡೋರಾದ ಗ್ನೋಮಿನಲ್ಲಿ ಕಿಟಕಿಯ ಮೂಲೆಯಲ್ಲಿ ಮುಚ್ಚುವ ಗುಂಡಿ ಒಂದೇ ಇರುತ್ತದೆ. ಕೆಳಗಿಳಿಸುವ ಗುಂಡಿ ಕಾಣಿಸುವುದಿಲ್ಲ. "ಊರಿನ ಹೆಸರೇನೋ ಇಟ್ಟಿದ್ದಾರೆ, ಮಿನಿಮೈಸ್ ಎಲ್ಲೋ?" ಅಂದರು. ಟ್ವೀಕ್ಸ್ ಎಂಬ ಪುಟ್ಟ ಪ್ರೋಗ್ರಾಂ ಹಾಕಿಕೊಂಡು ಅದನ್ನು ತರಿಸಬಹುದು. ಉಬುಂಟು ತನ್ನ ಗ್ನೋಮಿನಲ್ಲಿ ಆ ಗುಂಡಿಗಳನ್ನು ಮೊದಲೇ ಇಟ್ಟಿರುತ್ತದೆ, ಎಡಗಡೆ ಐಕಾನುಗಳ ಸಾಲನ್ನೂ ಸೇರಿಸುತ್ತದೆ. ವಿಂಡೋಸ್ ಬಳಸಿ ರೂಢಿ ಇಲ್ಲದವರಿಗೆ, ಮ್ಯಾಕ್ ನೋಡಿದವರಿಗೆ, ಮೊಬೈಲಿನಲ್ಲೇ ಬೆಳೆದ ಮಕ್ಕಳಿಗೆ ಗ್ನೋಮ್ ಬೇಗ ಒಗ್ಗುತ್ತದೆ.

ಕೆಡಿಇ ಪ್ಲಾಸ್ಮಾ ಕೂಡ ಮೊದಲ ನೋಟಕ್ಕೆ ವಿಂಡೋಸ್ ಥರವೇ. ಒಳಗೆ ಹೋದರೆ ಸೆಟ್ಟಿಂಗುಗಳ ಚಿಕ್ಕಪೇಟೆ. ಏನು ಬೇಕಾದರೂ ಸಿಗುತ್ತದೆ, ದಾರಿ ತಪ್ಪುವುದೂ ಅಷ್ಟೇ ಸುಲಭ. ತಿರುವಿ ನೋಡುವ ಚಟ ಇರುವವರಿಗೆ ಹಬ್ಬ. ಒಮ್ಮೆ ಕೆಳಗಿನ ಪಟ್ಟಿಯನ್ನೇ ಅಳಿಸಿಕೊಂಡು ಫೋನ್ ಮಾಡುವ ಸಂಬಂಧಿಕರಿಗೆ ಬೇಡ.

ಎಕ್ಸ್‌ಎಫ್‌ಸಿಇ ಹಗುರ, ಸರಳ, ಸ್ವಲ್ಪ ಹಳೇ ಕಾಲದ ನೋಟ. ಹಳೇ ಮಷೀನಿಗೆ ಎಲ್ಲರೂ ಇದನ್ನೇ ಹೇಳುತ್ತಾರೆ. ನನ್ನ ಮಾತು ಬೇರೆ. ಡೆಸ್ಕ್‌ಟಾಪ್ ಬದಲಿಸಿ ಉಳಿಯುವ ಮೆಮೊರಿ ಕೆಲವು ನೂರು ಎಂಬಿ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಆ ಉಳಿತಾಯವೆಲ್ಲ ಒಂದೇ ತುತ್ತಿಗೆ ಹೋಗುತ್ತದೆ. ಮಾವನ ಲ್ಯಾಪ್‌ಟಾಪ್ ನಿಧಾನ ಆಗಿದ್ದು ಅದರ ತಿರುಗುವ ಹಾರ್ಡ್ ಡಿಸ್ಕಿನಿಂದ. ಅದನ್ನು ತೆಗೆದು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿ, 4 ಜಿಬಿ ರ‍್ಯಾಮನ್ನು 8 ಮಾಡಿಸಿದ ಮೇಲೆ ಮಷೀನು ಎದ್ದು ಓಡಾಡಿತು. ದುಡ್ಡು ಹಾಕುವ ಹಾಗಿದ್ದರೆ ಮೊದಲು ಎಸ್‌ಎಸ್‌ಡಿಗೆ ಹಾಕಿ. ಯಾವ ಡಿಸ್ಟ್ರೋ ಬದಲಾವಣೆಯೂ ಅಷ್ಟು ವೇಗ ಕೊಡುವುದಿಲ್ಲ.

ಸರಿ, ಸಿನಮನ್ ಅಂತ ಆಯ್ತು. ಬಾಡಿ ಕಟ್ಟುವವರು ಯಾರು? ಇಲ್ಲಿ ನಾನು ಎರಡೇ ವಿಷಯ ನೋಡುತ್ತೇನೆ. ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳೋದು.

ಉಬುಂಟು 2004ರಲ್ಲಿ ಶುರುವಾಯ್ತು. ಅದರ ಹೆಸರಿನ ಮುಂದಿನ ಸಂಖ್ಯೆ ನೋಡಿ ಹೆದರಬೇಡಿ, ಅದು ಬರೀ ತಾರೀಖು. 24.04 ಅಂದರೆ 2024ರ ನಾಲ್ಕನೇ ತಿಂಗಳು. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವುದಕ್ಕೆ ಎಲ್‌ಟಿಎಸ್, ಅಂದರೆ ದೀರ್ಘಕಾಲ ಅಪ್‌ಡೇಟ್ ಸಿಗುವ ಆವೃತ್ತಿ, ಅನ್ನುತ್ತಾರೆ. ಅದಕ್ಕೆ ಐದು ವರ್ಷ ಅಪ್‌ಡೇಟ್ ಖಚಿತ. ಸ್ವಂತ ಬಳಕೆಗೆ ಉಬುಂಟು ಪ್ರೊ ಖಾತೆ ಮಾಡಿಕೊಂಡರೆ ಐದು ಮಷೀನುಗಳವರೆಗೆ ದುಡ್ಡಿಲ್ಲದೆ ಹತ್ತು ವರ್ಷ ಸಿಗುತ್ತದೆ. ನಡುವೆ ಆರಾರು ತಿಂಗಳಿಗೆ ಬರುವ ಆವೃತ್ತಿಗಳ ಆಯಸ್ಸು ಬರೀ ಒಂಬತ್ತು ತಿಂಗಳು. ಮನೆಯವರ ಮಷೀನಿಗೆ ಅವು ಬೇಡವೇ ಬೇಡ.

ಲಿನಕ್ಸ್ ಮಿಂಟ್ 2006ರಲ್ಲಿ ಬಂತು. ಅದು ನಿಂತಿರುವುದು ಉಬುಂಟು ಮೇಲೆ, ಉಬುಂಟು ನಿಂತಿರುವುದು 1993ರ ಡೆಬಿಯನ್ ಮೇಲೆ. ಅಜ್ಜ, ಮಗ, ಮೊಮ್ಮಗ. ಸಿನಮನ್ ಹುಟ್ಟಿದ್ದೇ ಮಿಂಟ್ ಮನೆಯಲ್ಲಿ. 2024ರ ಜುಲೈಯಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. ಮಾವನಿಗೆ ಆಗ ಎಪ್ಪತ್ತೈದು. "ಅಲ್ಲೀವರೆಗೆ ಇದೂ ಇರುತ್ತೆ, ನಾನೂ ಇರ್ತೀನಿ" ಎಂದರು.

ಮಿಂಟಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಟೈಮ್‌ಶಿಫ್ಟ್ ಎಂಬ ಸಲಕರಣೆ. ಒಮ್ಮೆ ಹೊಂದಿಸಿಟ್ಟರೆ ಅದು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಸಿಸ್ಟಂನ ಒಂದು 'ಫೋಟೋ' ತೆಗೆದಿಡುತ್ತದೆ. ಏನಾದರೂ ಎಡವಟ್ಟಾದರೆ ನಿನ್ನೆಯ ಸ್ಥಿತಿಗೆ ವಾಪಸ್ ಹೋಗಬಹುದು. ಆದರೆ ಒಂದು ಎಚ್ಚರ. ಅದು ಸಿಸ್ಟಂ ಫೈಲುಗಳನ್ನಷ್ಟೇ ಉಳಿಸುತ್ತದೆ. ನಿಮ್ಮ ಫೋಟೋ, ದಾಖಲೆ ಇರುವ ಹೋಮ್ ಫೋಲ್ಡರನ್ನು ನಾವಾಗಿ ಹೇಳದ ಹೊರತು ಮುಟ್ಟುವುದಿಲ್ಲ. ಅದಕ್ಕೆ ಬೇರೆ ಪೆನ್‌ಡ್ರೈವೋ ಹೊರಗಿನ ಡಿಸ್ಕೋ ಇಡಲೇಬೇಕು.

ಝೋರಿನ್ ಕೂಡ ಉಬುಂಟು ಮೇಲೆಯೇ ಕಟ್ಟಿದ್ದು, ಡಬ್ಲಿನ್ನಿನ ಇಬ್ಬರು ಅಣ್ಣತಮ್ಮಂದಿರದ್ದು. ವಿಂಡೋಸ್ 10 ನಿಂತ ದಿನವೇ, 2025ರ ಅಕ್ಟೋಬರ್ 14ರಂದು, ಅವರು ಝೋರಿನ್ 18 ಬಿಡುಗಡೆ ಮಾಡಿದರು. ವ್ಯಾಪಾರ ಗೊತ್ತಿರುವ ಹುಡುಗರು. ನೋಡೋಕೆ ಚೆಂದ, ದುಡ್ಡಿಲ್ಲದ ಆವೃತ್ತಿಯೇ ಮನೆಗೆ ಸಾಕು. ಫೆಡೋರಾದಲ್ಲಿ ಹೊಸದು ಬೇಗ ಬರುತ್ತದೆ, ಆದರೆ ಒಂದೊಂದು ಆವೃತ್ತಿಯ ಆಯಸ್ಸು ಸುಮಾರು 13 ತಿಂಗಳು. ವರ್ಷಕ್ಕೊಮ್ಮೆ ದೊಡ್ಡ ಅಪ್‌ಗ್ರೇಡ್ ಮಾಡೋಕೆ ತಯಾರಿರುವವರು ಅದನ್ನು ಹಾಕಿಕೊಳ್ಳಲಿ. ಪಳಗಿದವರಿಗಷ್ಟೇ ಸರಿಹೋಗುವ ಆರ್ಚ್ ಎಂಬ ಡಿಸ್ಟ್ರೋ ಬಗ್ಗೆ ಹೇಳಿದ ಸ್ನೇಹಿತನಿಗೆ ಕಾಫಿ ಕೊಡಿಸಿ ಕಳಿಸಿದೆ.

ಎರಡನೇ ಪ್ರಶ್ನೆ ಜನ ಮರೆಯುವಂಥದ್ದು. ನಿಮ್ಮ ಪಕ್ಕದ ಮನೆಯ ಹುಡುಗ ಆಫೀಸಿನಲ್ಲಿ ಉಬುಂಟು ಬಳಸುತ್ತಾನಾ? ಹಾಗಿದ್ದರೆ ನೀವೂ ಉಬುಂಟು ಹಾಕಿಕೊಳ್ಳಿ. ರಾತ್ರಿ ಎಂಟಕ್ಕೆ ಪ್ರಿಂಟ್ ಬರದಿದ್ದಾಗ ಮೆಟ್ಟಿಲು ಹತ್ತಿ ಬರುವವನು ಅವನೇ. ನಮ್ಮ ಮಾವನಿಗೆ ಆ ಹುಡುಗ ನಾನು, ನಾನು ಬಳಸುವುದು ಮಿಂಟ್. ತೀರ್ಮಾನದ ಕಾಲು ಭಾಗ ಅಲ್ಲೇ ಆಗಿಹೋಯ್ತು.

ಇನ್ನು ಕವರಿನ ಮೊದಲ ಸಾಲು, ಕನ್ನಡ ಟೈಪಿಂಗು. ಬೇರೆ ಭಾಷೆಯವರು ಬರೆಯುವ ಲಿನಕ್ಸ್ ಸಲಹೆಗಳಲ್ಲಿ ಇದು ಬರುವುದೇ ಇಲ್ಲ. ನಮಗೆ ಇದೇ ಮುಖ್ಯ ಪರೀಕ್ಷೆ.

ಮಾವ ನುಡಿಯಲ್ಲಿ ಟೈಪ್ ಮಾಡುವವರು. ನುಡಿ, ಬರಹ ಎರಡೂ ವಿಂಡೋಸಿಗಾಗಿ ಬರೆದ ಪ್ರೋಗ್ರಾಂಗಳು. ಲಿನಕ್ಸಿನಲ್ಲಿ ನುಡಿ ಇಲ್ಲ ಅಂದ ಕೂಡಲೇ ಮಾವ ಕುರ್ಚಿಯಿಂದ ಏಳೋಕೆ ಹೊರಟರು. ಕೂತ್ಕೊಳ್ಳಿ ಅಂದೆ. ನುಡಿ ಅಂದಾಗ ನಮ್ಮ ತಲೆಯಲ್ಲಿ ಮೂರು ವಿಷಯ ಒಟ್ಟಿಗೆ ಇರುತ್ತವೆ: ಕೀಲಿಮಣೆಯ ವಿನ್ಯಾಸ, ಫಾಂಟು, ಫೈಲಿನೊಳಗಿನ ಅಕ್ಷರದ ಸಂಕೇತ. ಇವನ್ನು ಬಿಡಿಸಿ ನೋಡಿದರೆ ಕಷ್ಟ ಒಂದರಲ್ಲೇ ಇರುವುದು.

ಕೀಲಿಮಣೆ ಮೊದಲು. ಮಾವನ ಬೆರಳಿಗೆ ಗೊತ್ತಿರುವುದು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿಯಿಂದ ಮನೆಮನೆಗೆ ಬಂದದ್ದು. ಅದು ಲಿನಕ್ಸಿನೊಳಗೆ ಮೊದಲಿನಿಂದಲೇ ಇದೆ, ಏನೂ ಇಳಿಸಿಕೊಳ್ಳಬೇಕಿಲ್ಲ. ಮಿಂಟಿನಲ್ಲಿ ಕೀಬೋರ್ಡ್ ಸೆಟ್ಟಿಂಗ್ ತೆರೆಯಿರಿ, ಲೇಔಟ್‌ಗೆ ಹೋಗಿ, ಕೂಡಿಸುವ ಗುರುತು ಒತ್ತಿ, ಕನ್ನಡದ ಕೆಳಗೆ 'ಕಗಪ' ಅಂತ ಇರುವುದನ್ನು ಆರಿಸಿ. ಮಾವ ಕೆ ಒತ್ತಿದರು, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರು. ಪರದೆ ಮೇಲೆ 'ಕನ್ನಡ' ಅಂತ ಬಂತು. ಎಫ್ ಒತ್ತಿದಾಗ ಒತ್ತಕ್ಷರ ಬಂದಿದ್ದು ನೋಡಿ, "ಅದೇ ಕಣೋ ಇದು!" ಎಂದರು. ಹೂಂ, ಅದೇ. ಇನ್‌ಸ್ಕ್ರಿಪ್ಟ್ ರೂಢಿ ಇರುವವರಿಗೆ ಅದೂ ಪಟ್ಟಿಯಲ್ಲಿದೆ. ಇಂಗ್ಲಿಷ್ ಉಚ್ಚಾರಣೆಯಲ್ಲಿ ಬರೆದು ಕನ್ನಡ ಪಡೆಯುವ ಅಭ್ಯಾಸದವರು ಐಬಸ್ ಎಂಬ ಸಲಕರಣೆ ಮತ್ತು ಅದರ ಎಂ17ಎನ್ ಪ್ಯಾಕೇಜು ಹಾಕಿಕೊಂಡರೆ ಐಟ್ರಾನ್ಸ್ ಸಿಗುತ್ತದೆ.

ಫಾಂಟೂ ತೊಂದರೆ ಇಲ್ಲ. ನೋಟೋ, ಲೋಹಿತ್ ಇರುತ್ತವೆ. ಕನ್ನಡಿಗರೇ ಮಾಡಿದ ಗುಬ್ಬಿ, ನವಿಲು ಫಾಂಟುಗಳು ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹೆಸರು ಹುಡುಕಿದರೆ ಸಿಗುತ್ತವೆ. ಮೆನುಗಳನ್ನೂ ಕನ್ನಡಕ್ಕೆ ಬದಲಿಸಬಹುದು, ಆದರೆ ಅನುವಾದ ಅರ್ಧಂಬರ್ಧ. ಒಂದು ಸಾಲು ಕನ್ನಡ, ಒಂದು ಸಾಲು ಇಂಗ್ಲಿಷ್. ಮಾವ ಎರಡು ದಿನ ನೋಡಿ ಇಂಗ್ಲಿಷ್ ಮೆನುವಿಗೇ ವಾಪಸಾದರು.

ಕಷ್ಟ ಇರುವುದು ಮೂರನೆಯದರಲ್ಲಿ. ಹಳೇ ನುಡಿ ಫೈಲುಗಳಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡವೇ ಇಲ್ಲ. ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಮೇಲೆ ನುಡಿ ಫಾಂಟು ಕನ್ನಡದ ಮುಖವಾಡ ಹಾಕಿರುತ್ತದೆ. ಫಾಂಟು ಇಲ್ಲದ ಮಷೀನಿನಲ್ಲಿ ತೆರೆದರೆ ಮುಖವಾಡ ಕಳಚಿ ಏನೇನೋ ಚಿಹ್ನೆ ಕಾಣುತ್ತದೆ. ಯುನಿಕೋಡಿನಲ್ಲಿ ಹಾಗಲ್ಲ, 'ಕ' ಅಂದರೆ ಎಲ್ಲ ಮಷೀನಿನಲ್ಲೂ 'ಕ'ನೇ. ಕಗಪ ವಿನ್ಯಾಸದಿಂದ ಲಿನಕ್ಸಿನಲ್ಲಿ ಬರುವುದು ಯುನಿಕೋಡ್. ಮಾವನ ಹಳೇ ಫೈಲುಗಳಿಗೆ ಹೀಗೆ ಮಾಡಿದೆವು. ನುಡಿಯ ಫಾಂಟ್ ಫೈಲುಗಳನ್ನು ನಕಲು ಮಾಡಿ ಮಿಂಟಿಗೆ ಹಾಕಿದೆವು, ಮೈಕ್ರೋಸಾಫ್ಟ್ ಆಫೀಸಿನ ಥರದ ಲಿಬ್ರೆಆಫೀಸಿನಲ್ಲಿ ತೆರೆದಾಗ ಓದೋಕೆ ಬಂತು. ಮುಂದೆ ತಿದ್ದಬೇಕಾದವುಗಳನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ಬದಲಾಯಿಸಿದೆವು.

ಆದರೆ ಪ್ರೆಸ್ಸಿನವರು ಒಪ್ಪಬೇಕಲ್ಲ! ಸ್ಮರಣ ಸಂಚಿಕೆ ಅಚ್ಚು ಹಾಕುವ ಪ್ರೆಸ್ಸಿನವರದ್ದು ಪುಟ ಜೋಡಿಸುವ ಹಳೇ ಪ್ರೋಗ್ರಾಂ, ಪೇಜ್‌ಮೇಕರ್. ಅದಕ್ಕೆ ಯುನಿಕೋಡ್ ಕನ್ನಡ ಅಂದರೆ ಏನೂ ಗೊತ್ತಿಲ್ಲ, ಅವರಿಗೆ ನುಡಿ ಫೈಲೇ ಬೇಕು. ಆದ್ದರಿಂದ ಕೊನೆಗೆ ಉಲ್ಟಾ ಪರಿವರ್ತನೆ, ಯುನಿಕೋಡಿನಿಂದ ನುಡಿಗೆ. ಈ ಹೋಗಿಬರುವ ದಾರಿಯಲ್ಲಿ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಎಡವುತ್ತವೆ. ಮಾವ ಈಗ ಎರಡು ಫೈಲು ಕೊಡುತ್ತಾರೆ, ನುಡಿಯದ್ದೊಂದು, ಸರಿಯಾಗಿ ಕಾಣುವ ಪಿಡಿಎಫ್ ಒಂದು. ಪ್ರೂಫ್ ನೋಡುವವರು ಹೋಲಿಸಿಕೊಳ್ಳಲಿ ಅಂತ. ದಿನಕ್ಕೆ ನಲವತ್ತು ಪುಟ ಪ್ರೆಸ್ಸಿಗೆ ಕೊಡುವ ಡಿಟಿಪಿಯವರು ನೀವಾಗಿದ್ದರೆ ಲಿನಕ್ಸ್ ಸದ್ಯಕ್ಕೆ ನಿಮಗಲ್ಲ. ವರ್ಷಕ್ಕೊಂದು ಸಂಚಿಕೆ ಅಂದರೆ ಸಂಭಾಳಿಸಬಹುದು.

ಹೀಗೆ 'ನಿಮಗಲ್ಲ' ಅನ್ನಬೇಕಾದವರು ಇನ್ನೂ ಇದ್ದಾರೆ. ಲೆಕ್ಕಪತ್ರದ ಟ್ಯಾಲಿ ವಿಂಡೋಸಿನದ್ದು. ಫೋಟೋಶಾಪ್, ಕೋರೆಲ್‌ಡ್ರಾ, ಮೈಕ್ರೋಸಾಫ್ಟ್ ಆಫೀಸಿನ ಪೂರ್ತಿ ಪ್ರೋಗ್ರಾಂ ಕೂಡ ಲಿನಕ್ಸಿಗೆ ಬರುವುದಿಲ್ಲ. ವೈನ್ ಎಂಬ ಪದರದ ಮೂಲಕ ಕೆಲವು ವಿಂಡೋಸ್ ಪ್ರೋಗ್ರಾಂ ಓಡುತ್ತವೆ, ಹೊಟ್ಟೆಪಾಡಿನ ಕೆಲಸವನ್ನು ಅದರ ಮೇಲೆ ನಂಬಿ ಬಿಡಬೇಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇಟ್ಟುಕೊಂಡು ರಿಟರ್ನ್ ಸಲ್ಲಿಸುವವರು ಅದನ್ನು ಚುಚ್ಚಿ ನೋಡದೆ ಮುಂದುವರಿಯಲೇಬೇಡಿ. ಮೋಸ ತಡೆಯುವ ಕಾವಲು ಪ್ರೋಗ್ರಾಂ ಇರುವ ಕೆಲವು ಆನ್‌ಲೈನ್ ಆಟಗಳು ಲಿನಕ್ಸನ್ನು ಒಳಗೇ ಬಿಡುವುದಿಲ್ಲ. ಉಳಿದಂತೆ ಬ್ರೌಸರಿನೊಳಗೆ ಆಗುವ ಬ್ಯಾಂಕು, ಪಿಂಚಣಿ, ಯೂಟ್ಯೂಬು, ವಿಡಿಯೋ ಕಾಲ್ ಇವಕ್ಕೆ ಕೆಳಗೆ ಯಾವ ಸಿಸ್ಟಂ ಇದೆ ಅಂತ ಗೊತ್ತೂ ಆಗುವುದಿಲ್ಲ. ಮಾವನ ಕವರಿನ ಅರ್ಧ ಪಟ್ಟಿ ಹೀಗೇ ಮುಗಿಯಿತು. ವರ್ಡ್ ಫೈಲ್ ಬಂದರೆ ಲಿಬ್ರೆಆಫೀಸ್ ತೆರೆಯುತ್ತದೆ, ಪತ್ರ, ಲೆಕ್ಕದ ಹಾಳೆ ಎಲ್ಲ ಸಲೀಸು. ಟೇಬಲ್ಲು, ಚಿತ್ರ ತುಂಬಿಸಿದ ಫೈಲಿನಲ್ಲಿ ಮಾತ್ರ ಸಾಲುಗಳು ಅತ್ತಿತ್ತ ಸರಿಯಬಹುದು.

ಲಿನಕ್ಸಿನ ಒಂದು ದೊಡ್ಡ ಅನುಕೂಲ ಅಂದರೆ ಹಾಕಿಕೊಳ್ಳುವ ಮುಂಚೆ ಬಳಸಿ ನೋಡಬಹುದು. ಪೆನ್‌ಡ್ರೈವಿನಿಂದಲೇ ಮಷೀನು ಶುರು ಮಾಡಿ ಒಂದು ಗಂಟೆ ಓಡಿಸಿ, ಬೇಡವಾದರೆ ಆಫ್ ಮಾಡಿ ಪೆನ್‌ಡ್ರೈವ್ ಕಿತ್ತರೆ ವಿಂಡೋಸ್ ಹೇಗಿತ್ತೋ ಹಾಗೇ ಇರುತ್ತದೆ. ಮಿಂಟಿನ ಫೈಲು ಸುಮಾರು 3 ಜಿಬಿ, ಉಬುಂಟು 6 ಜಿಬಿ ಹತ್ತಿರ. 8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇರುವ ಪೆನ್‌ಡ್ರೈವ್ ಬೇಡ. ಫೈಲನ್ನು ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಅಲ್ಲಿ ಚೆಕ್‌ಸಮ್ ಎಂಬ ಸಂಖ್ಯೆ ಕೊಟ್ಟಿರುತ್ತಾರೆ, ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ಅದರ ಜೊತೆ ಹೋಲಿಸುವುದನ್ನು ಬಿಡಬೇಡಿ. ಇದು ಸುಮ್ನೆ ಶಾಸ್ತ್ರಕ್ಕೆ ಹೇಳುವ ಮಾತಲ್ಲ. 2016ರ ಫೆಬ್ರವರಿಯಲ್ಲಿ ಮಿಂಟಿನ ಜಾಲತಾಣಕ್ಕೇ ಕಳ್ಳರು ನುಗ್ಗಿ, ಹಿಂಬಾಗಿಲು ಇಟ್ಟ ನಕಲಿ ಫೈಲಿನ ಕಡೆಗೆ ಜನರನ್ನು ತಿರುಗಿಸಿದ್ದರು.

ಫೈಲನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಆಗುವುದಿಲ್ಲ. ರೂಫಸ್ ಅಥವಾ ಎಚರ್ ಎಂಬ ಪ್ರೋಗ್ರಾಂ ಮೂಲಕ ಬರೆಯಬೇಕು. ಆಮೇಲೆ ಮಷೀನು ಆನ್ ಆಗುವಾಗ ಬೂಟ್ ಮೆನು ಕೀ ಒತ್ತಬೇಕು. ಕಂಪನಿಗೊಂದು ಕೀ, ಎಫ್12, ಎಫ್9, ಎಸ್ಕೇಪ್ ಹೀಗೆ. ಮಾವನ ಮಷೀನಿನಲ್ಲಿ ಮೂರನೇ ಸಲಕ್ಕೆ ಸಿಕ್ಕಿತು.

ಆ ಒಂದು ಗಂಟೆಯನ್ನು ವಾಲ್‌ಪೇಪರ್ ನೋಡುತ್ತಾ ಕಳೆಯಬೇಡಿ. ನಾವು ವೈಫೈ ಹಾಕಿದೆವು, ಹರಿಕಥೆ ಹಚ್ಚಿ ಸೌಂಡು ಕೇಳಿದೆವು, ಕ್ಯಾಮೆರಾ ನೋಡಿದೆವು, ಬೆಳಕು ಏರಿಸಿ ಇಳಿಸಿದೆವು. ಮುಚ್ಚಳ ಮುಚ್ಚಿ, ಕಾಫಿ ಕುಡಿದು ಬಂದು ಮತ್ತೆ ತೆರೆದೆವು. ಕೆಲವು ಲ್ಯಾಪ್‌ಟಾಪುಗಳು ನಿದ್ದೆಗೆ ಹೋದರೆ ಏಳುವುದಿಲ್ಲ. ಇದು ಎದ್ದಿತು. ಪ್ರಿಂಟರ್ ವೈರು ಚುಚ್ಚಿದೆವು, ತಾನಾಗಿಯೇ ಗುರುತು ಹಿಡಿಯಿತು. ಹೊಸ ನೆಟ್‌ವರ್ಕ್ ಪ್ರಿಂಟರುಗಳು ಬಹುಪಾಲು ಡ್ರೈವರ್ ಇಲ್ಲದೆಯೇ ಓಡುತ್ತವೆ. ತೊಂದರೆ ಕೊಡುವುದು ತಮ್ಮದೇ ಗುಟ್ಟಿನ ಭಾಷೆ ಇರುವ ಕೆಲವು ಹಳೇ ಲೇಸರ್ ಪ್ರಿಂಟರುಗಳು. ವೈಫೈ ಸಿಗದಿದ್ದರೆ ಫೋನನ್ನು ಯುಎಸ್‌ಬಿ ವೈರಿನಲ್ಲಿ ಚುಚ್ಚಿ ಅದರ ಇಂಟರ್ನೆಟ್ ಹಂಚಿಕೊಳ್ಳಿ, ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಬೇಕಾದ್ದನ್ನು ಹಾಕಿಕೊಳ್ಳಿ.

ಎಲ್ಲ ಸರಿ ಅನ್ನಿಸಿದರೆ ಮುಂದಿನ ಹೆಜ್ಜೆ. ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಇಡಬೇಕೋ, ವಿಂಡೋಸ್ ಪೂರ್ತಿ ತೆಗೆಯಬೇಕೋ? ಎರಡೂ ಇರಲಿ ಅನ್ನುವುದು ಧೈರ್ಯ ಕೊಡುತ್ತದೆ, ಆದರೆ ಅದಕ್ಕೆ ಅದರದೇ ತರಲೆಗಳಿವೆ. ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀ ಮೊದಲು ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಡಿಸ್ಕಿಗೆ ನೀವೇ ಹೊರಗಿನವರಾಗುತ್ತೀರಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆರಿಸಿ. ಅದು ಇದ್ದರೆ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಲಿನಕ್ಸಿನಿಂದ ಆ ಡಿಸ್ಕಿಗೆ ಬರೆಯೋಕೆ ಆಗದೆ ಹೋಗಬಹುದು.

ಇನ್ನೊಂದು ತಮಾಷೆ ಗಡಿಯಾರದ್ದು. ಲಿನಕ್ಸಿನಿಂದ ವಿಂಡೋಸಿಗೆ ಹೋದಾಗ ಕೆಲವೊಮ್ಮೆ ಸಮಯ ಐದೂವರೆ ಗಂಟೆ ಹಿಂದೆ ಇರುತ್ತದೆ. ಮಷೀನಿನೊಳಗೆ ಬ್ಯಾಟರಿ ಸೆಲ್ಲಿನ ಮೇಲೆ ಓಡುವ ಒಂದು ಪುಟ್ಟ ಗಡಿಯಾರ ಇದೆ. ಲಿನಕ್ಸ್ ಅದರಲ್ಲಿ ಜಾಗತಿಕ ಸಮಯ ಇಟ್ಟು, ನಮಗೆ ತೋರಿಸುವಾಗ ಭಾರತದ ಐದೂವರೆ ಗಂಟೆ ಸೇರಿಸುತ್ತದೆ. ವಿಂಡೋಸ್ ಅದರಲ್ಲಿರುವುದೇ ಭಾರತದ ಸಮಯ ಅಂದುಕೊಳ್ಳುತ್ತದೆ. ವೈರಸ್ಸೂ ಅಲ್ಲ, ಸೆಲ್ ಸತ್ತಿದ್ದೂ ಅಲ್ಲ. ಲಿನಕ್ಸಿಗೂ ಸ್ಥಳೀಯ ಸಮಯವನ್ನೇ ಇಡು ಅಂತ ಒಮ್ಮೆ ಹೇಳಿದರೆ ಮುಗಿಯಿತು.

ಮಾವನ ಹಳೇ ಹಾರ್ಡ್ ಡಿಸ್ಕ್ ಹೇಗೂ ಹೊರಗೆ ಬಂದಿತ್ತು. ಅದನ್ನು ಹಾಗೇ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟೆವು, ಹೊಸ ಎಸ್‌ಎಸ್‌ಡಿಯಲ್ಲಿ ಬರೀ ಮಿಂಟ್ ಹಾಕಿದೆವು. ಹೆದರುವವರಿಗೆ ನಾನು ಹೇಳುವುದು ಇದೇ ದಾರಿ, ಹಳೆಯದು ಒಂದಕ್ಷರ ಅಳಿಯದೆ ಬೀರುವಿನಲ್ಲಿ ಇರುತ್ತದೆ. ಅರ್ಧ ಗಂಟೆ ಹಿಡಿಯಿತು. ನಡುವೆ ಒಂದು ಸಲ ಕರೆಂಟ್ ಹೋಯ್ತು. ಲ್ಯಾಪ್‌ಟಾಪ್ ಆದ್ದರಿಂದ ಬ್ಯಾಟರಿ ಕಾಪಾಡಿತು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಮಳೆ ಬರುವ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಮೊದಲ ವಾರ ಮೂರು ಫೋನ್ ಬಂದವು. ಡಿ ಡ್ರೈವ್ ಎಲ್ಲಿ ಅಂತ ಒಂದು. ಲಿನಕ್ಸಿನಲ್ಲಿ ಸಿ, ಡಿ ಅಂತ ಇರುವುದಿಲ್ಲ, ನಿಮ್ಮದೆಲ್ಲ ಹೋಮ್ ಫೋಲ್ಡರಿನೊಳಗೆ. ಏನೋ ಪಾಸ್‌ವರ್ಡ್ ಕೇಳ್ತಿದೆ, ಕೊಡಲಾ ಅಂತ ಇನ್ನೊಂದು. ಅಪ್‌ಡೇಟ್ ಒತ್ತಿದ್ದು ನೀವೇ ಆದರೆ ಕೊಡಿ, ನೀವು ಏನೂ ಒತ್ತದೆ ಕೇಳಿದರೆ ಕೊಡಬೇಡಿ ಅಂದೆ.

ಮೂರನೆಯದು ಶುಕ್ರವಾರ ಮಧ್ಯಾಹ್ನ ಊಟ ಆದ ಮೇಲೆ ಬಂತು. ದನಿ ಸ್ವಲ್ಪ ತಗ್ಗಿತ್ತು.

"ಏನಿಲ್ಲ ಕಣೋ. ಆ ಇಸ್ಪೀಟಿನ ಆಟ ಇತ್ತಲ್ಲ, ಅದು ಎಲ್ಲೂ ಕಾಣ್ತಿಲ್ಲ."

ಕವರಿನ ಪಟ್ಟಿಯಲ್ಲಿ ಅದನ್ನು ಬರೆದೇ ಇರಲಿಲ್ಲ. ಹನ್ನೊಂದು ವರ್ಷದಿಂದ ದಿನಾ ಆಡುತ್ತಿದ್ದ ಆಟ ಅಂತ ಅತ್ತೆ ಹಿಂದಿನಿಂದ ಕೂಗಿ ಹೇಳಿದರು. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಐಲ್‌ರಯಟ್ ಅಂತ ಹುಡುಕಿ, ಇನ್‌ಸ್ಟಾಲ್ ಒತ್ತಿ ಅಂದೆ. ಒಂದೊಂದೇ ಅಕ್ಷರ ಹೇಳಿಸಿಕೊಂಡು ಹುಡುಕಿದರು. ಪಾಸ್‌ವರ್ಡ್ ಕೇಳಿತು. ನಾನೇ ಒತ್ತಿದ್ದು, ಕೊಡ್ತೀನಿ ಅಂತ ತಾವೇ ಹೇಳಿಕೊಂಡು ಕೊಟ್ಟರು. ಎರಡು ನಿಮಿಷ ಮಾತಿಲ್ಲ, ಮೌಸ್ ಒತ್ತುವ ಸದ್ದು ಮಾತ್ರ.

"ಬಂತು. ಇಡ್ತೀನಿ," ಎಂದು ಫೋನಿಟ್ಟರು.